ಮನೆಗೆ ಬಿಡದವರು

ಮೈಕಿನ ತಂತಿಯನ್ನು ಅವಳು ಎಳೆದ ರಭಸಕ್ಕೆ ಸ್ಪೀಕರ್ ಕಿರುಚಿತು. ಸಭಾಂಗಣದ ಆ ತುದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದ ತಂಗಿ ಕಿವಿ ಮುಚ್ಚಿಕೊಂಡಳು.

"ಅಕ್ಕಾ, ಮೆಲ್ಲಗೆ! ಬಾಡಿಗೆಗೆ ತಂದಿದ್ದು ಅದು."

"ಇವತ್ತು ಅದಕ್ಕೆ ಕೆಲಸ ಇದೆ. ಎಲ್ಲರಿಗೂ ಸರಿಯಾಗಿ ಕೇಳಿಸಬೇಕು."

"ಇನ್ನೂ ಸಿಟ್ಟು ಇಳಿದಿಲ್ವಾ?"

"ಇಳಿಯೋಕೆ ಅದೇನು ಜ್ವರಾನಾ?"

ಬಾಗಿಲಿನ ಮೇಲೆ ಕಟ್ಟಿದ್ದ ಬ್ಯಾನರು ಬೇರೆಯದನ್ನೇ ಹೇಳುತ್ತಿತ್ತು: ‘ವಿಡಿಯೊ ಗೇಮ್ ಉದ್ಯಮದವರ ಸ್ನೇಹಕೂಟ. ಬನ್ನಿ, ಪರಿಚಯ ಮಾಡಿಕೊಳ್ಳೋಣ.’ ತಂಗಿ ಗೇಮ್ ಕಂಪನಿಯೊಂದರಲ್ಲಿ ಪಾತ್ರಗಳ ಚಿತ್ರ ಬಿಡಿಸುವವಳು. ಅವಳು ಕರೆದರೆ ಬರುವವರಿಗೆ ಕಡಿಮೆಯಿಲ್ಲ. ಸಭಾಂಗಣ ಹುಡುಕಿದ್ದು, ಕಾಫಿ ಹೇಳಿದ್ದು, ಊರೆಲ್ಲ ಓಡಾಡಿದ್ದು ಅಕ್ಕ. ಅವಳದು ಒಂದೇ ಷರತ್ತು. ‘ಕಡಲಕೋಟೆ’ ಗೇಮ್ ಮಾಡಿದವರು ಯಾರೂ ತಪ್ಪಬಾರದು. ಅದರ ಮಾಲೀಕನಂತೂ ತಪ್ಪಲೇಬಾರದು.

ಕಡಲಕೋಟೆ ಹೊರಬಂದು ವರ್ಷಗಳಾಗಿದ್ದವು. ಗೇಮ್ ಗೆದ್ದಿತು, ಬಹುಮಾನ ತಂದಿತು. ಮುಂದಿನದು ಸೋತಿತು, ಕಂಪನಿ ಮುಚ್ಚಿತು, ಕೆಲಸದವರು ದಿಕ್ಕಾಪಾಲಾದರು. ಕಡಲಕೋಟೆಯನ್ನು ಮುಗಿಸಲು ಅವರೆಲ್ಲ ತಿಂಗಳುಗಟ್ಟಲೆ ಆಫೀಸಿನಲ್ಲೇ ಬಿದ್ದುಕೊಂಡಿದ್ದರು ಎಂಬುದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ತುಂಬಿತು. ತಬ್ಬಿಕೊಳ್ಳುವವರು, ಕಾರ್ಡು ಕೊಡುವವರು, ಕೆಲಸ ಇದ್ದರೆ ಹೇಳಿ ಎನ್ನುವವರು. ಅವಳು ಎಲ್ಲರನ್ನೂ ನಗುತ್ತಲೇ ಮಾತಾಡಿಸಿದಳು. ನಕ್ಕಿದ್ದು ಹಲ್ಲು ಮಾತ್ರ. ಕಡಲಕೋಟೆಯವರನ್ನು ಹೆಕ್ಕಿ ಹೆಕ್ಕಿ ಕಿಟಕಿ ಪಕ್ಕದ ಮೇಜಿಗೆ ಕಳಿಸಿದಳು. ಆಮೇಲೆ ತಾನೂ ಅಲ್ಲಿಗೇ ಹೋಗಿ ಕುಳಿತಳು.

"ನೀವು ಯಾವ ವಿಭಾಗದಲ್ಲಿದ್ರಿ ಮೇಡಂ? ನೋಡಿದ ನೆನಪಿಲ್ಲ," ಎಂದ ಟೆಸ್ಟರ್. ಗೇಮಿನ ತಪ್ಪು ಹುಡುಕಿ ಹುಡುಕಿ ದಪ್ಪ ಕನ್ನಡಕ ಬಂದಿದ್ದ ಮನುಷ್ಯ.

"ಕಾಯೋ ಕೆಲಸ."

"ಓ, ಸರ್ವರ್ ಕಾಯೋರಾ! ನಿಮ್ದೂ ನಿದ್ದೆಗೆಟ್ಟ ಕೆಲಸಾನೇ ಬಿಡಿ."

"ಹೌದು. ನಿದ್ದೆಗೆಟ್ಟ ಕೆಲಸಾನೇ." ಅವಳು ಅವನ ಕಡೆ ಕಾಫಿ ಸರಿಸಿದಳು. "ಆಗೆಲ್ಲ ಊಟಕ್ಕೇನು ಮಾಡ್ತಿದ್ರಿ? ಮಲಗೋದಾದ್ರೂ ಮಲಗ್ತಿದ್ರಾ?"

"ಮೇಜಿನ ಕೆಳಗೆ. ಬ್ಯಾಗೇ ತಲೆದಿಂಬು."

"ನನ್ನ ಮಗಳು ಹುಟ್ಟಿದ್ದನ್ನ ನಾನು ಫೋನಲ್ಲಿ ನೋಡಿದೆ," ಎಂದ ಗೇಮಿಗೆ ಸಂಗೀತ ಮಾಡಿದ್ದವನು. ನಗಲು ನೋಡಿದ, ಆಗಲಿಲ್ಲ.

ಅವಳು ಲೋಟ ಕೆಳಗಿಟ್ಟಳು. "ಮನೆಗೆ ಬಿಡಲಿಲ್ವಾ?"

"ಬಿಡಲಿಲ್ಲ."

ಅಷ್ಟರಲ್ಲಿ ಮಾಲೀಕ ಒಳಗೆ ಬಂದ. ವಯಸ್ಸಾಗಿತ್ತು. ಯಾರೋ ಎದ್ದು ಕುರ್ಚಿ ಕೊಟ್ಟರು. ಅವನು ಕೂರುವುದಕ್ಕೂ ಬಿಡದೆ ಅವಳು ಮೈಕ್ ಎತ್ತಿಕೊಂಡಳು.

"ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ. ಬಂದ್ರಲ್ಲ, ಈ ದೊಡ್ಡ ಮನುಷ್ಯರು! ಬಹುಮಾನ ಹಿಡ್ಕೊಂಡ ಫೋಟೊದಲ್ಲಿ ಇವರ ನಗು ನೀವೆಲ್ಲ ನೋಡಿದೀರಿ. ಆ ನಗುವಿಗೋಸ್ಕರ ಎಷ್ಟು ಮನೆ ಹಾಳು ಮಾಡಿದ್ರು ಅಂತ ಕೇಳಿ ಇವರನ್ನ. ಹುಟ್ಟಿದ ಮಗು ಮುಖ ನೋಡೋಕೆ ಬಿಡಲಿಲ್ಲ. ಎದೆನೋವು ಅಂದ್ರೂ ಬಿಡಲಿಲ್ಲ! ಹೊಟ್ಟೆಗೆ ಅನ್ನಾನೇ ತಾನೆ ತಿನ್ನೋದು ನೀವು?"

ಎದೆನೋವು ಎಂದಿದ್ದು ಯಾರೆಂದು ಮೇಜಿನವರು ಮುಖ ಮುಖ ನೋಡಿಕೊಂಡರು. ಮಾಲೀಕ ತಲೆ ತಗ್ಗಿಸಿದ. ಸಂಗೀತದವನು ಎದ್ದು ನಿಂತ.

"ಮೇಡಂ, ಮೈಕ್ ಇಳಿಸಿ. ನಮ್ಮನ್ನ ಹಿಡಿದಿಟ್ಟಿದ್ದು ಅವರಲ್ಲ."

"ಮತ್ಯಾರು?"

"ಕ್ಯಾಪ್ಟನ್. ನಮ್ಮ ತಂಡದ ಮುಖ್ಯಸ್ಥ, ನಾವು ಹಂಗೇ ಕರೀತಿದ್ವಿ. ಮಾಲೀಕರು ಬಂದು, ಬಿಡುಗಡೆ ಮುಂದಕ್ಕೆ ಹಾಕೋಣ, ಜನಾನ ಮನೆಗೆ ಕಳಿಸು ಅಂದ್ರು. ಕ್ಯಾಪ್ಟನ್ ಒಪ್ಪಲಿಲ್ಲ."

"ಸುಳ್ಳು!"

"ನನ್ನ ಕಣ್ಣೆದುರಿಗೇ ನಡೆದಿದ್ದು. ನಾನು ಆಸ್ಪತ್ರೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತೋರು ಯಾರು ಗೊತ್ತಾ? ‘ಹೆರೋಳು ನಿನ್ನ ಹೆಂಡ್ತಿ, ನೀನ್ಯಾಕೋ ಓಡ್ತೀಯಾ?’ ಅಂತ ನಕ್ಕರು."

ಅವಳು ಮಾಲೀಕನ ಕಡೆ ತಿರುಗಿದಳು. ಅವನು ಇಲ್ಲವೆಂದರೆ ಸಾಕಿತ್ತು.

"ತಪ್ಪು ನಂದೂ ಇದೆಯಮ್ಮ," ಎಂದ ಅವನು. "ಆ ಮನುಷ್ಯನ ಕೈ ಹಿಡಿದು ಆಚೆ ದಬ್ಬಬೇಕಿತ್ತು. ರಜೆ ತಗೊಳಯ್ಯ, ಮನೆಗೆ ಹೋಗು ಅಂತ ಎಷ್ಟೋ ಸಲ ಹೇಳಿದೆ. ‘ಮನೇಲೇನಿದೆ ಸಾರ್, ಇಲ್ಲೇ ಚೆನ್ನಾಗಿದೆ’ ಅಂದ."

ತಂಗಿ ಬಾಗಿಲ ಬಳಿಯಿಂದ ಓಡಿಬಂದು ಅವಳ ಭುಜ ಹಿಡಿದಳು. "ಅಕ್ಕಾ, ಸಾಕು. ನಡಿ ಹೋಗೋಣ."

ಅವಳು ಆ ಕೈಯನ್ನು ಕೊಡವಿದಳು.

ಈಗ ಟೆಸ್ಟರಿಗೂ ತಡೆಯಲಾಗಲಿಲ್ಲ. "ಕೂಟ ಮಾಡಿದೀರಲ್ಲ ಮೇಡಂ, ಕ್ಯಾಪ್ಟನ್‌ನನ್ನೂ ಕರೆಸಿ. ಇದೇ ಮೈಕ್ ಮುಂದೆ ನಿಲ್ಲಿಸಿ. ನಮ್ಗೂ ಕೇಳೋದಿದೆ. ಕಂಪನಿ ಮುಚ್ಚಿದ ಮೇಲೆ ಆ ಪುಣ್ಯಾತ್ಮ ಎಲ್ಲಿ ಹೋದ್ರೋ ನಮಗ್ಯಾರಿಗೂ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

"ಗೊತ್ತು."

ಮೇಜಿನವರೆಲ್ಲ ಅವಳತ್ತ ನೋಡಿದರು. ಇಷ್ಟು ದಿನ ಮಾಲೀಕನಿಗೆಂದು ಕೂಡಿಟ್ಟಿದ್ದ ಬೈಗುಳಗಳೆಲ್ಲ ಇನ್ನೂ ಬಾಯಿಯಲ್ಲೇ ಇದ್ದವು.

"ಅವರು ಬರಲ್ಲ. ಹೋದ ವರ್ಷ ಅದೇ ಎದೆನೋವು ಬಂದು ತೀರ್ಕೊಂಡ್ರು," ಎಂದಳು. "‘ಮಾಲೀಕರು ಮನೆಗೆ ಬಿಡ್ತಾನೇ ಇಲ್ಲ ಕಣೇ’ ಅಂತ ನನಗೆ ದಿನಾ ಫೋನ್ ಮಾಡಿ ಅಳ್ತಿದ್ರು, ನನ್ನ ಗಂಡ."