ಶಬ್ದದ ಮೂಲ

ಚಳಿಗಾಲದ ಕಬ್ಬಿನ ಕಟಾವು ನಡೆದಿತ್ತು. ಬೆಳಿಗ್ಗೆ ಹೊಲದ ಒಡತಿ ಅಕ್ಕವ್ವ "ಹೊಲಗೇರಿ ಮಂದಿ" ಅಂದದ್ದಕ್ಕೆ ಮುನಿದಿದ್ದ ಕೂಲಿಯಾಳು ಜ್ಞಾನದೇವನನ್ನು ಆಕೆಯ ಮಗ, ಕನ್ನಡ ಮಾಸ್ತರ ಭರತ, ತಮ್ಮ ಹೊಲದ ಬದುವಿನ ಮೇಲೆ ಕೂತು ಸಮಾಧಾನಪಡಿಸುತ್ತಿದ್ದ.

"ಅದು ಬೈಗಳ ಅಲ್ಲೋ. ಮೂಲದಾಗ ಹೊಲದವರ ಕೇರಿ ಅಂತ ಅರ್ಥ. ಮೈಲಿಗಿ ಅನ್ನೂದು ಆಮ್ಯಾಲೆ ಅಂಟಿಸ್ಯಾರ."

"ಹಂಗಾರ ಈ ಹೊಲಾ ನಮ್ಮ ಹೆಸರಿಗಿ ಮಾಡ್ತೀರೇನ್ರಿ ಸರ?" ಜ್ಞಾನದೇವ ನಕ್ಕ. ಭರತನೂ ನಕ್ಕು ಹಗುರಾದ.

ಮನೆಯಿಂದ ಚಹಾದ ಕಿಟ್ಲಿ ಬಂತು. "ಇವತ್ತ ನಾನ ಹಾಕ್ತೀನಿ" ಎಂದು ಭರತ ಎದ್ದ. ಜ್ಞಾನದೇವ ಬೇಲಿಯಲ್ಲಿ ಸಿಕ್ಕಿಸಿದ್ದ ತನ್ನ ಬಟ್ಟಲನ್ನು ಒರೆಸಿ ಮುಂದೆ ಹಿಡಿದ. ಕಿಟ್ಲಿ ಬಟ್ಟಲಿಗೆ ತಾಗದಂತೆ ಭರತನ ಕೈ ತಾನಾಗಿಯೇ ಗೇಣುದ್ದ ಮೇಲೆದ್ದಿತು. ಬಿಸಿ ಚಹಾ ಜ್ಞಾನದೇವನ ಬೆರಳ ಮೇಲೆ ಸಿಡಿಯಿತು.

ಭರತನಿಗೆ ತಲೆ ಎತ್ತಲಾಗಲಿಲ್ಲ.

"ಇರ್ಲಿ ಬಿಡ್ರಿ ಸರ," ಎಂದ ಜ್ಞಾನದೇವ, "ಅಕ್ಕವ್ವಾರೂ ಹಿಂಗ ಹಾಕ್ತಾರ."