ಮಾರದ ಪಾಲು

ನೀರುಗಂಟಿ ಕಾಲುವೆಯ ಗೇಟು ಮುಚ್ಚಲು ಅದರ ಚಕ್ರವನ್ನು ಅರ್ಧ ತಿರುಗಿಸಿದ್ದ. ಅಷ್ಟರಲ್ಲಿ ಅವನ ಅತ್ತಿಗೆ ಓಡಿಬಂದು, ಕೆಸರು ಆರದ ಕೈಯನ್ನು ಚಕ್ರದ ಮೇಲಿಟ್ಟಳು.

“ಊರೆಲ್ಲ ತಮ್ಮ ಪಾಲಿನ ನೀರನ್ನ ನಗರಕ್ಕೆ ಮಾರ್ಕೊಂಡಿರಬಹುದು ಕಣೋ. ನಾನು ಮಾರಿಲ್ಲ. ನನ್ನ ಪೈರು ಈಗಷ್ಟೇ ತೆನೆ ಬಿಡ್ತಿದೆ.”

“ನಿಮ್ಮೊಬ್ಬರಿಗೋಸ್ಕರ ಬಿಟ್ಟರೆ ಗದ್ದೆ ಮುಟ್ಟೋದರೊಳಗೆ ಕಾಲುವೇಲೇ ಇಂಗಿಹೋಗುತ್ತೆ, ಅತ್ತಿಗೆ. ಎಂಜಿನಿಯರು ಪೂರ್ತಿ ಮುಚ್ಚು ಅಂದಿದ್ದಾರೆ.”

“ಹಾಗಾದ್ರೆ ನನ್ನ ಪಾಲು?”

“ಅದೂ ನಗರಕ್ಕೇ ಹೋಗುತ್ತೆ.”

“ಚೆನ್ನಾಗಿದೆ. ಇನ್ನು ಅವರ ನಲ್ಲಿ ಕೆಳಗೇ ನಾಟಿ ಮಾಡ್ತೀನಿ ಬಿಡು.”

ಅವನು ತಲೆ ತಗ್ಗಿಸಿ ಚಕ್ರದಿಂದ ಕೈ ತೆಗೆದ. ಜೀಪಿನ ಬಳಿ ನಿಂತಿದ್ದ ಎಂಜಿನಿಯರು, “ನಿನ್ನ ಕೈಲಾಗದಿದ್ರೆ ಬಿಡಪ್ಪ, ನಾನೇ ಮುಚ್ತೀನಿ,” ಎನ್ನುತ್ತ ಹತ್ತಿರ ಬಂದ.

ಅತ್ತಿಗೆ ಎಂಜಿನಿಯರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೈದುನನ ಕೈ ಹಿಡಿದು ಮತ್ತೆ ಚಕ್ರದ ಮೇಲಿಟ್ಟಳು.

“ಇಷ್ಟು ವರ್ಷ ನನ್ನ ಗದ್ದೆಗೆ ನೀರು ಬಿಟ್ಟವನು ನೀನು. ಮುಚ್ಚೋದಾದ್ರೂ ನೀನೇ ಮುಚ್ಚು.”