ತಾತನ ಹೊಸ ಹಲ್ಲು

ಬಿಸಿ ರಾಗಿಮುದ್ದೆಯ ಹಬೆ ಮುಖಕ್ಕೆ ಬಡಿದಾಗ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಬೊಚ್ಚುಬಾಯಿಯ ತಾತನಿಗೆ ಹಲ್ಲು ಕಟ್ಟಿಸಲೆಂದು ಅಪ್ಪ ಶ್ರೀನಿವಾಸಪುರದಿಂದ ಕೋಲಾರಕ್ಕೆ ನಾಲ್ಕು ಸಲ ಬಸ್ಸಿನಲ್ಲಿ ಕರೆದೊಯ್ದಿದ್ದರು. ಹಲ್ಲು ಬಂದ ದಿನ ತಾತ ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಎಂದಿನಂತೆ ನುಂಗಹೋದರು. ತುತ್ತು ಹಲ್ಲಿನ ಸೆಟ್ಟಿನ ಅಂಗುಳ ಕಡೆಯ ಕೆಂಪು ರಬ್ಬರಿಗೆ ಅಂಟಿಕೊಂಡು, ಮೇಲಿನ ಸಾಲು ಹಲ್ಲೇ ಕಳಚಿ ತಟ್ಟೆಗೆ ಬಿತ್ತು. ನಾನು ನಕ್ಕೆ. ಅಮ್ಮ ತೊಡೆ ಜಿಗುಟಿದಳು.

ಮೂರನೆಯ ಸಲವೂ ಹಾಗೇ ಆದಾಗ ಅಪ್ಪ ರೇಗಿದರು. “ಅಗಿಯಪ್ಪಾ! ಅಗಿಯೋಕೆ ತಾನೇ ಹಲ್ಲು ಕಟ್ಟಿಸಿದ್ದು?”

ತಾತ ಹಲ್ಲು ತೊಳೆದು ನೀರಿನ ಲೋಟಕ್ಕೆ ಹಾಕಿದರು. “ಲೇ, ಮುದ್ದೆ ಯಾವನಾದ್ರೂ ಅಗೀತಾನೇನೋ?”

ಅಪ್ಪ ತಮ್ಮ ತಟ್ಟೆಯ ಮುದ್ದೆಯಿಂದ ಒಂದು ತುತ್ತು ಮುರಿದು ಬಾಯಿಗಿಟ್ಟು, ತಲೆ ತಗ್ಗಿಸಿ, ಅದನ್ನೇ ಅಗಿಯುತ್ತಾ ಕೂತರು.